ಸವೆದ ಮಂಡಿ, ತಪ್ಪುವ ಆಯ

ಮಂಡಿ ಸವೆತ ಎಂದೊಡನೆ ಎಲ್ಲರೂ ಕೇಳುವುದು ನೋವಿನ ಬಗ್ಗೆ. ನಡೆಯುವಾಗ ಆಯ ತಪ್ಪುವುದನ್ನು ಕೇಳುವವರು ಕಡಿಮೆ. ವಯಸ್ಸಾದವರ ಮಟ್ಟಿಗೆ ಅದೇ ಹೆಚ್ಚು ಅಪಾಯದ್ದು. ಬಿದ್ದು ಸೊಂಟದ ಮೂಳೆ ಮುರಿದುಕೊಂಡವರಲ್ಲಿ ಅನೇಕರಿಗೆ ಮೊದಲಿನ ನಡಿಗೆ ಮರಳುವುದೇ ಇಲ್ಲ.

ಒಂಟಿ ಕಾಲಿನ ಹೊತ್ತು

ಆರೋಗ್ಯವಂತರ ನಡಿಗೆಯಲ್ಲಿ ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುವುದು ಸುಮಾರು ಶೇ 20ರಷ್ಟು ಹೊತ್ತು ಮಾತ್ರ. ಮಿಕ್ಕಂತೆ ಮೈಭಾರವೆಲ್ಲ ಒಂದೇ ಕಾಲಿನದು. ಮಂಡಿ ಸವೆದವರು ತಮಗೇ ಅರಿವಿಲ್ಲದೆ ಈ ಒಂಟಿ ಕಾಲಿನ ಹೊತ್ತನ್ನು ಮೊಟಕು ಮಾಡಿಕೊಳ್ಳುತ್ತಾರೆ. ನಡಿಗೆ ನಿಧಾನವಾಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಕೆಲವರ ಮೈ ಎಡಕ್ಕೂ ಬಲಕ್ಕೂ ತೂಗುತ್ತದೆ. ನಡೆಯುವಾಗ ಮುಂದಕ್ಕೆ ಬರುವ ಪಾದದ ತುದಿ ಆರೋಗ್ಯವಂತರಲ್ಲೂ ನೆಲದಿಂದ ಒಂದೆರಡು ಸೆಂಟಿಮೀಟರ್‌ನಷ್ಟೇ ಮೇಲಿರುತ್ತದೆ. ಮಂಡಿ ಸರಿಯಾಗಿ ಮಡಿಸದಿದ್ದರೆ ಅದೂ ಕಡಿಮೆಯಾಗಿ, ಚಾಪೆಯ ಅಂಚು ಸಾಕು ಎಡವಲು.

ಆಯ ತಪ್ಪುವುದೇಕೆ?

ಮೃದ್ವಸ್ಥಿ ಸವೆದದ್ದೊಂದೇ ಕಾರಣವಲ್ಲ. ಮಂಡಿಯನ್ನು ನೆಟ್ಟಗೆ ಹಿಡಿಯುವುದು ತೊಡೆಯ ಮುಂಭಾಗದ ಸ್ನಾಯು. ಕೀಲು ಊದಿಕೊಂಡಾಗ ಅಲ್ಲಿಂದ ಹೊರಡುವ ನರಸಂದೇಶಗಳು ಈ ಸ್ನಾಯುವನ್ನು ತಡೆಹಿಡಿಯುತ್ತವೆ. ಮನಸ್ಸು ಮಾಡಿದರೂ ಅದು ಪೂರ್ತಿ ಬಿಗಿಯುವುದಿಲ್ಲ. ಇಳಿಜಾರಿನಲ್ಲೋ ಮೆಟ್ಟಿಲಿನಲ್ಲೋ ಮಂಡಿ ಥಟ್ಟನೆ ಕೈಕೊಡುವುದು ಹೀಗೆ. ಕಾಲು ಎಷ್ಟು ಮಡಿಸಿದೆ, ಯಾವ ಕೋನದಲ್ಲಿದೆ ಎಂದು ಕಣ್ಣು ಮುಚ್ಚಿದರೂ ತಿಳಿಸುವ ಅರಿವು ಕೀಲಿನಲ್ಲಿದೆ. ಅದೂ ಮಂಕಾಗುತ್ತದೆ. ಮಂಡಿಯ ಒಳಬದಿ ಹೆಚ್ಚು ಸವೆದು ಕಾಲು ಬಿಲ್ಲಿನಂತೆ ಬಾಗಿದರೆ ಭಾರ ಮತ್ತೆ ಒಳಬದಿಗೇ ಬೀಳುತ್ತದೆ.

ಇಷ್ಟರ ಮೇಲೆ ಬೀಳುವ ಭಯ. ‘ಇನ್ನು ಓಡಾಡಬೇಡಿ, ಕೂತಿರಿ’ ಎಂದು ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ. ಕೂತಷ್ಟೂ ತೊಡೆ ಸೊರಗುತ್ತದೆ. ಮಂಡಿ ನೋವಿನವರಿಗೆ ಸಿಗುವ ಸಲಹೆಗಳಲ್ಲಿ ಇದಕ್ಕಿಂತ ಹಾನಿಕರವಾದದ್ದು ಕಡಿಮೆ.

ಮೂರು ಮೀಟರಿನ ಪರೀಕ್ಷೆ

ಎಕ್ಸ್‌ರೇಯಲ್ಲಿ ಕಾಣುವ ಸವೆತವನ್ನು 0ಯಿಂದ 4ರವರೆಗೆ ಅಳೆಯುವ ಕೆಲ್‌ಗ್ರೆನ್–ಲಾರೆನ್ಸ್ ಕ್ರಮ 1957ರಿಂದ ಬಳಕೆಯಲ್ಲಿದೆ. ಆದರೆ ರೋಗಿ ಹೇಗೆ ನಡೆಯುತ್ತಾರೆ ಎಂಬುದನ್ನು ಅದು ಹೇಳದು. ಅದಕ್ಕೆ 1991ರಲ್ಲಿ ಪ್ರಕಟವಾದ ಸರಳ ಪರೀಕ್ಷೆಯೊಂದಿದೆ: ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಬೀಳುವ ಅಪಾಯವಿದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪರಿಗಣಿಸುತ್ತದೆ. ನುರಿತ ಫಿಸಿಯೊಥೆರಪಿಸ್ಟರು ಗಡಿಯಾರದ ಜೊತೆಗೆ ಬೇರೆಯದನ್ನೂ ನೋಡುತ್ತಾರೆ. ಏಳುವಾಗ ಕೈ ಊರಿದರೇ? ತಿರುಗುವಾಗ ಪುಟ್ಟಪುಟ್ಟ ಹೆಜ್ಜೆಗಳನ್ನು ಇಟ್ಟು ಗೋಡೆ ಹುಡುಕಿದರೇ?

ತೊಡೆಗೆ ಕೆಲಸ

ಮಂಡಿಯಡಿ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತಿ ಹಿಡಿಯುವುದು, ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು: ಇವನ್ನು ಒಮ್ಮೆ ಫಿಸಿಯೊಥೆರಪಿಸ್ಟರಿಂದ ಕಲಿತು ಬಿಡದೆ ಮಾಡಬೇಕು. ಬಲದ ಜೊತೆಗೆ ಸಮತೋಲನವನ್ನೂ ಅಭ್ಯಾಸ ಮಾಡಬೇಕು. ನಿಧಾನಗತಿಯ ಚೀನೀ ವ್ಯಾಯಾಮವಾದ ತಾಯ್ ಚಿ ಇದಕ್ಕೆ ಒಳ್ಳೆಯದು. ತೂಕ 1 ಕಿಲೊ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೊ ಕಡಿಮೆಯಾಗುತ್ತದೆಂದು 2005ರ ಅಧ್ಯಯನವೊಂದು ಕಂಡುಕೊಂಡಿತು. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಆದವರಿಗೂ ತೊಡೆಯ ವ್ಯಾಯಾಮ ತಪ್ಪಿದ್ದಲ್ಲ.

ಕೋಲು ಯಾವ ಕೈಗೆ?

ನೋವಿರುವ ಕಾಲಿನ ಎದುರು ಬದಿಯ ಕೈಗೆ. ಬಹಳ ಮಂದಿ ನೋವಿನ ಕಡೆಯೇ ಹಿಡಿಯುತ್ತಾರೆ. ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ತುದಿಯ ರಬ್ಬರ್ ಸವೆದಿದ್ದರೆ ಬದಲಿಸಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಮನೆಯೊಳಗೆ

ಬಚ್ಚಲಿನ ಒದ್ದೆ ನೆಲ, ಎತ್ತರದ ಹೊಸ್ತಿಲು, ಸಡಿಲವಾದ ಹವಾಯಿ ಚಪ್ಪಲಿ, ರಾತ್ರಿ ಮೂತ್ರಕ್ಕೆ ಏಳುವಾಗಿನ ಕತ್ತಲು: ಇವೆಲ್ಲ ಬೀಳಿಸಬಲ್ಲವು. ಬಚ್ಚಲು ಮತ್ತು ಶೌಚಾಲಯದ ಗೋಡೆಗೆ ಹಿಡಿಕೆ ಹಾಕಿಸುವುದು ದೊಡ್ಡ ಖರ್ಚಲ್ಲ. ನಿದ್ದೆ ಮಾತ್ರೆ ಮತ್ತು ಕೆಲವು ಬಿಪಿ ಮಾತ್ರೆಗಳಿಂದಲೂ ಜೋಲಿ ಹೊಡೆಯುವುದುಂಟು; ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಪೆಟ್ಟಾಗದಿದ್ದರೂ ಒಮ್ಮೆ ಬಿದ್ದಿದ್ದರೆ, ಮಂಡಿ ಕೈಕೊಟ್ಟಿದ್ದರೆ, ಅದನ್ನೂ ಅವರಿಗೆ ಹೇಳಲೇಬೇಕು.