ಮನೆಗಿಷ್ಟು ಪಣ

ನಾನು ಕುಂದಗೋಳ ತಾಲೂಕಿನ ಹಳ್ಳಿಯವಳು. ಸಂಶೋಧನೆಗಾಗಿ ಧಾರವಾಡದ ಅಪಾರ್ಟ್‌ಮೆಂಟೊಂದರಲ್ಲಿ ಬಾಡಿಗೆಗಿದ್ದೇನೆ. ತಿಂಗಳ ಮೇಂಟೆನೆನ್ಸ್ ಕಟ್ಟುವವಳು ನಾನು, ಸಂಘದ ಸಭೆಯಲ್ಲಿ ಕೈ ಎತ್ತುವವರು ಮಾಲೀಕರು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಗೂ ಸಂಘವೆಂದರೆ ಮಾಲೀಕರ ಸಂಘವೇ. ಇದೆಲ್ಲ ಈ ಕಾಲದ್ದು ಎಂದುಕೊಂಡಿದ್ದೆ, ಲಕ್ಷ್ಮೇಶ್ವರದ ಶಾಸನ ಓದುವವರೆಗೆ.

ಹಿಂದೆ ಧಾರವಾಡ ಜಿಲ್ಲೆಯಲ್ಲಿದ್ದು ಈಗ ಗದಗಕ್ಕೆ ಸೇರಿರುವ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಸುಮಾರು 725ರಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಅಲ್ಲಿನ ಮಹಾಜನರಿಗೆ, ನಗರದವರಿಗೆ, ಹದಿನೆಂಟು ಪ್ರಕೃತಿಗಳಿಗೆ ಒಂದು ಆಚಾರವ್ಯವಸ್ಥೆ ಬರೆಸಿಕೊಟ್ಟ. ಅರಸನ ಅಧಿಕಾರಿಗಳು ಖಾಲಿ ಮನೆಗಳನ್ನು ಕಾಯಬೇಕು. ಊರಿನ ಕಟ್ಟಳೆ, ತಾಮ್ರಶಾಸನ, ಅನುಭೋಗದ ಆಸ್ತಿಗಳನ್ನು ಮನ್ನಿಸಬೇಕು. ಅಂದರೆ ಒಗ್ಗಟ್ಟಾಗಿದ್ದ ಊರಿನ ಮೇಲೆ ಅಧಿಕಾರಿ ಮನಬಂದಂತೆ ನಡೆಯುವಂತಿರಲಿಲ್ಲ.

ತೆರಿಗೆಯಲ್ಲೂ ನ್ಯಾಯವಿತ್ತು. ವೈಶಾಖದಲ್ಲಿ ಉತ್ತಮ ಮನೆಗೆ 10 ಪಣ, ನಡುವಿನದಕ್ಕೆ 7, ಅದಕ್ಕೂ ಕೆಳಗಿನದಕ್ಕೆ 5, ಕಡೆಯದಕ್ಕೆ 3. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಕೋಣೆಯ ಮನೆಗೂ ಮೂರು ಕೋಣೆಯ ಮನೆಗೂ ಒಂದೇ ಶುಲ್ಕ!

ಅದೇ ಶಾಸನಕ್ಕೆ ಇನ್ನೊಂದು ಮುಖವೂ ಇದೆ. ಕಳವು, ಸಣ್ಣಪುಟ್ಟ ತಪ್ಪುಗಳ ದಂಡದ ಜೊತೆಗೆ ಸಂತಾನವಿಲ್ಲದೆ ಸತ್ತವನ ಆಸ್ತಿಯೂ ಶ್ರೇಣಿಗೆ ಸೇರುತ್ತದೆ. ಆ ಮನೆಯಲ್ಲೇ ಬಾಳಿದ ಅವನ ಹೆಂಡತಿಗೆ ಉಳಿಯುವುದೇನು?

ಒಡೆಯರ ಕೂಟ ಮನೆಯನ್ನು ಚೆನ್ನಾಗಿ ಕಾಯುತ್ತದೆ, ಆಗಲೂ ಈಗಲೂ. ಒಡೆತನವಿಲ್ಲದೆ ಅದರೊಳಗೆ ಬದುಕುವವರನ್ನು ಕಾಯುವುದು ಅದರ ಕೆಲಸವೆಂದು ಯಾರೂ ಬರೆಸಿಲ್ಲ. ಮುಂದಿನ ಸಭೆಗೆ ನಾನು ಕರೆಯದಿದ್ದರೂ ಹೋಗುವವಳಿದ್ದೇನೆ.