ಆಟಕಿಂತ ಡಬ್ಬಿಗೇ ಕಿಮ್ಮತ್ತು

ನಮ್ ಕಡಿ ಹೊಸಾ ಸಾಮಾನ ಮನಿಗಿ ಬಂದ್ರ ಅದರ ಡಬ್ಬಿ ಒಗಿಯಂಗಿಲ್ಲ. ಮಿಕ್ಸರ್ ಡಬ್ಬಿ, ಇಸ್ತ್ರಿ ಡಬ್ಬಿ, ಟೀವಿ ಡಬ್ಬಿ ಎಲ್ಲಾ ಸಜ್ಜಾದ ಮ್ಯಾಲ ಇರ್ತಾವ. ಗ್ಯಾರಂಟಿ ಮುಗಿಯೂ ತನಕ ಇರ್ಲಿ ಅಂತ ಇಟ್ಟದ್ದು ಇಪ್ಪತ್ತು ವರ್ಷ ಆದ್ರೂ ಅಲ್ಲೇ ಇರ್ತದ. ಇದೇ ಚಟ ಈಗ ದೊಡ್ಡ ಶೌಕ್ ಆಗ್ಯಾದ ನೋಡ್ರಿ. ಹಳೀ ಕಂಪ್ಯೂಟರ್ ಗೇಮು, ಟೀವಿ ಗೇಮು ಮೂಲ ಡಬ್ಬಿ ಸಮೇತ ಜಮಾ ಮಾಡೂ ಮಂದಿ ಜಗತ್ತಿನ ತುಂಬ ಇದ್ದಾರ.

ಈ ಡಬ್ಬಿ ಮೊದಲಿಂದ ಇದ್ದದ್ದಲ್ಲ. 1980ರಾಗ ಅಮೆರಿಕದ ರೋಬರ್ಟಾ ವಿಲಿಯಮ್ಸ್ ಅನ್ನೂ ಹೆಣ್ಮಗಳು, ಎರಡು ಮಕ್ಕಳ ತಾಯಿ, ಅಡಿಗಿ ಮನಿ ಮೇಜಿನ ಮ್ಯಾಲ ಕುಂತು 'ಮಿಸ್ಟರಿ ಹೌಸ್' ಅನ್ನೂ ಆಟ ಹೆಣದ್ಲು. ಗಂಡ ಕೆನ್ ಅದನ್ನ ಆ್ಯಪಲ್ 2 ಕಂಪ್ಯೂಟರಿಗಿ ಪ್ರೋಗ್ರಾಮ್ ಮಾಡ್ದ. ಅದನ್ನ ಮಾರಿದ್ದು ಯಾವುದ್ರಾಗ ಅಂತೀರಿ? ನಾವು ಫ್ರಿಜ್ಜಿನ್ಯಾಗ ಕೊತಂಬ್ರಿ ಇಡ್ತೀವಲ್ಲ, ಅಂಥಾ ಜಿಪ್ ಚೀಲದಾಗ. ಒಂದು ಫ್ಲಾಪಿ, ಜೋಡಿ ಒಂದು ಹಾಳಿ. ಮುಂದ ಅಂಗಡ್ಯಾಗ ಸಾಲಿಗಿ ಇಡ್ಲಿಕ್ಕಂತ ಗಟ್ಟಿ ಪುಠ್ಠಾದ ಡಬ್ಬಿ ಬಂದ್ವು. ಆಗಿನ ಕಂಪ್ಯೂಟರ್ ಚಿತ್ರ ಅಂದ್ರ ನಾಕು ಗೀಟು, ಚೌಕ ಚೌಕ ಬಣ್ಣ. ಡಬ್ಬಿ ಮ್ಯಾಲಿನ ಚಿತ್ರ ನೋಡೇ ಹುಡುಗೂರು ಉಳಿದದ್ದು ಮನಸ್ಸಿನ್ಯಾಗ ತುಂಬ್ಕೊಂತಿದ್ರು. ಒಳಗಿನ ಪುಸ್ತಕಕ್ಕೂ ಕೆಲಸ ಇತ್ತು. 1989ರ 'ಪ್ರಿನ್ಸ್ ಆಫ್ ಪರ್ಷಿಯಾ' ಆಟ ನಡುವ ನಿಂತು, ಪುಸ್ತಕದ ಇಂಥ ಪುಟದಾಗ, ಇಂಥ ಸಾಲಿನ್ಯಾಗ ಯಾವ ಅಕ್ಷರ ಅದ ಅಂತ ಕೇಳ್ತಿತ್ತು. ಫ್ಲಾಪಿ ಕಾಪಿ ಮಾಡ್ಕೊಂಡವರ ಕಡಿ ಪುಸ್ತಕ ಇರಂಗಿಲ್ಲಲ್ಲ, ಅದಕ್ಕ.

ನಮ್ ಕಡಿ ಬಂದದ್ದು ಬ್ಯಾರೇ ಡಬ್ಬಿ. ಜಪಾನಿನ ನಿಂಟೆಂಡೊ ಕಂಪನಿ 1889ರಾಗ ಇಸ್ಪೀಟಿನಂಥ ಎಲಿ ಮಾಡ್ಕೊಂತ ಶುರು ಆದದ್ದು. 1983ರಾಗ 'ಫ್ಯಾಮಿಕಾಮ್' ಅನ್ನೂ ಟೀವಿ ಗೇಮ್ ತಂತು. 1990ರ ದಶಕದಾಗ ಅದರ ನಕಲು ಮಷೀನು ನಮ್ ಪ್ಯಾಟಿಗಿ ಬಂದ್ವು. ಮೀಡಿಯಾ, ಲಿಟಲ್ ಮಾಸ್ಟರ್ ಅಂತ ಹೆಸರು. ಆಳಂದದವರು ಸೊಲ್ಲಾಪುರದಿಂದ, ಅಫಜಲಪುರ, ಜೇವರ್ಗಿಯವರು ಕಲಬುರಗಿಯಿಂದ ತರ್ತಿದ್ರು. ಬ್ಯಾಸಗಿ ಸೂಟಿನ್ಯಾಗ ಓಣಿ ಹುಡುಗೂರೆಲ್ಲಾ ಒಂದೇ ಮನ್ಯಾಗ, ಕರೆಂಟ್ ಹೋದ್ರ ಎಲ್ಲರ ಮಾರಿ ಸಪ್ಪಗ. ಮಾರಿಯೋ, ಕಾಂಟ್ರಾ, ಬಾತಕೋಳಿಗಿ ಗುರಿ ಇಡೂ ಡಕ್ ಹಂಟ್. ಆ ಪಿಸ್ತೂಲು ಈಗಿನ ಎಲ್‌ಇಡಿ ಟೀವಿಗಿ ನಡಿಯಂಗಿಲ್ಲ, ಪಿಕ್ಚರ್ ಟ್ಯೂಬಿನ ಬೆಳಕಿನ ಲೆಕ್ಕಕ್ಕ ಮಾಡಿದ್ದದು.

ಕಿಮ್ಮತ್ತಿನ ಮಾತು ಕೇಳ್ರಿ. 2021ರ ಏಪ್ರಿಲ್‌ದಾಗ ಅಮೆರಿಕದ ಹರಾಜಿನ್ಯಾಗ ಸೀಲ್ ಒಡಿಯದ ಒಂದು 'ಸೂಪರ್ ಮಾರಿಯೋ ಬ್ರದರ್ಸ್' 6 ಲಕ್ಷ 60 ಸಾವಿರ ಡಾಲರಿಗಿ ಹೋತು. 1986ರಾಗ ಕ್ರಿಸ್‌ಮಸ್ಸಿಗಿ ಕೊಡ್ಲಿಕ್ಕಂತ ತಗೊಂಡು, ಮೇಜಿನ ಖಣದಾಗ ಇಟ್ಟು ಮರ್ತಿದ್ರಂತ. ಅದೇ ಜುಲೈದಾಗ 'ಸೂಪರ್ ಮಾರಿಯೋ 64' 15 ಲಕ್ಷ 60 ಸಾವಿರ ಡಾಲರಿಗಿ ಹೋತು! ಅಂಥಾ ಆಟ ಲಕ್ಷಗಟ್ಟಲೆ ಮಾರ್ಯಾವ ಖರೆ, ಆದ್ರ ಸೀಲ್ ಹರಿಯದ ಡಬ್ಬಿ ಎಷ್ಟು ಉಳಿದಾವು? ಹುಡುಗೂರ ಕೈಗಿ ಸಿಕ್ಕ ಡಬ್ಬಿ ಉಳಿಯೂದಾದ್ರೂ ಹ್ಯಾಂಗ?

ನಮ್ಮನ್ಯಾಗೂ ಒಂದು ಅಂಥಾ ಡಬ್ಬಿ ಅದ. ಪುಣ್ಯಾದಾಗ ಇರೂ ಮಗ ಅದರ ಫೋಟೋ ಜಮಾ ಮಾಡೂ ಒಬ್ಬರಿಗಿ ಕಳಿಸಿದ್ದ. ಅವರು, "ಮಷೀನ್ ಬ್ಯಾಡ, ಡಬ್ಬಿ ಬೇಕು, ಆದ್ರ ಮುಚ್ಚಳದ ಒಳಗ ಪೆನ್ನಿಲೆ ಗೀಚ್ಯಾರ, ರೇಟ್ ಇಳಿತದ" ಅಂದ್ರಂತ. ಆ ಗೀಚಿದ್ದು ಮಕ್ಕಳ ಅಂಕಿ. ಅದರಾಗ ಒಂದು ಸಾಲು, "ಆಯಿ: 7 ಬಾತಕೋಳಿ." ನಮ್ ಅತ್ತಿ ಸಾಲಿ ಕಲ್ತವರಲ್ಲ, ಹೆಬ್ಬೆಟ್ಟು ಒತ್ತತಿದ್ರು. ಮೊಮ್ಮಕ್ಕಳ ಕಾಟಕ್ಕ ಒಮ್ಮಿ ಪಿಸ್ತೂಲ್ ಹಿಡಿದ್ರು, ಏಳು ಹೊಡದ್ರು. ಅವರು ತೀರಿ ಹೋಗಿ ಹನ್ನೊಂದು ವರ್ಷ ಆತು. ಅವರ ಹೆಸರಿನ ಮ್ಯಾಲ ಹೊಲದ ಕಾಗದ ಬಿಟ್ರ ಬರದದ್ದು ಇದೊಂದೇ.

ಮಾರೂದಿಲ್ಲ ಅಂತ ಮಗನಿಗಿ ಹೇಳೀನಿ. ಜಮಾ ಮಾಡೂರ ಮ್ಯಾಲ ನನಗ ಸಿಟ್ಟಿಲ್ಲ. ಅವರಿಗಿ ಯಾರೂ ಮುಟ್ಟದ ಡಬ್ಬಿ ಬೇಕು, ನನಗ ಎಲ್ಲರೂ ಮುಟ್ಟಿದ್ದು ಬೇಕು.

ನಿಮ್ ಸಜ್ಜಾದ ಮ್ಯಾಲೂ ಇದ್ರ ರದ್ದಿಗಿ ಹಾಕೂ ಮೊದಲ ಮುಚ್ಚಳ ತಗದು ನೋಡ್ರಿ. ಒರಲಿ ಹತ್ತದಂಗ ಗ್ವಾಡಿಂದ ದೂರ ಇಡ್ರಿ, ಮ್ಯಾಲ ಭಾರ ಹೇರಬ್ಯಾಡ್ರಿ, ರಿಮೋಟಿನ ಸೆಲ್ ಒಳಗ ಬಿಡಬ್ಯಾಡ್ರಿ. ಸೆಲ್ ಸೋರಿದ್ರ ಡಬ್ಬಿನೂ ಹೋತು, ಬರದದ್ದೂ ಹೋತು.