ಕ್ಲಾನ್‌ಮಕ್‌ನಾಯ್ಸ್ ಮಠದ ಅವಶೇಷಗಳು ಮತ್ತು ಒಬ್ಬ ಲಿಪಿಕಾರನ ಹೆಸರು

ಐರ್ಲೆಂಡಿನ ನಡುನಾಡಿನಲ್ಲಿ, ಆತ್‌ಲೋನ್ ಪಟ್ಟಣಕ್ಕೆ ದಕ್ಷಿಣದಲ್ಲಿ, ಶಾನನ್ ನದಿಯ ದಂಡೆಯ ಮೇಲೆ ಕ್ಲಾನ್‌ಮಕ್‌ನಾಯ್ಸ್ ಎಂಬ ಪ್ರಾಚೀನ ಕ್ರೈಸ್ತ ಮಠದ ಅವಶೇಷಗಳಿವೆ. ಕೀರಾನ್ ಎಂಬ ಯತಿಯು ಕ್ರಿ.ಶ. 6ನೆಯ ಶತಮಾನದ ಮಧ್ಯಭಾಗದಲ್ಲಿ ಇದನ್ನು ಸ್ಥಾಪಿಸಿದನು. ಸುತ್ತಲೂ ಜೌಗುನೆಲ, ಅದರ ನಡುವೆ ಪೂರ್ವಪಶ್ಚಿಮವಾಗಿ ಹಬ್ಬಿದ ಗರಸಿನ ದಿಬ್ಬವೇ ಹಿಂದಿನವರ ಹೆದ್ದಾರಿ. ಆ ದಾರಿಯು ನದಿಯನ್ನು ಕೂಡುವೆಡೆಯಲ್ಲಿ ಮಠವಿದ್ದುದರಿಂದ ಅರಸರ ದತ್ತಿಗಳೂ ಲೂಟಿಕಾರರ ದಂಡುಗಳೂ ಸುಲಭವಾಗಿಯೇ ಇಲ್ಲಿಗೆ ತಲುಪಿದವು.

ಈಗ ಕಾಣುವುದು ಚಾವಣಿಯಿಲ್ಲದ ಗುಡಿಗಳು, ಎರಡು ದುಂಡುಗೋಪುರಗಳು, ಹುಲ್ಲು. ದೊಡ್ಡ ಗೋಪುರವು 1124ರಲ್ಲಿ ಪೂರ್ಣಗೊಂಡು 1135ರಲ್ಲಿ ಸಿಡಿಲಿಗೆ ತುದಿಯನ್ನು ಕಳೆದುಕೊಂಡಿತು. ಶಾಸನಸಹಿತವಾದ ಶಿಲಾಶಿಲುಬೆಯ ಮೂಲವನ್ನು ವಸ್ತುಸಂಗ್ರಹಾಲಯದ ಒಳಗಿರಿಸಿ, ಬಯಲಿನಲ್ಲಿ ಅದರ ಪ್ರತಿಕೃತಿಯನ್ನು ನಿಲ್ಲಿಸಿದ್ದಾರೆ. ಇದು ಯೋಗ್ಯವಾದ ಕ್ರಮ. ನೂರಾರು ಸಮಾಧಿಫಲಕಗಳು ಇಲ್ಲಿ ದೊರೆತಿವೆ. ಅವುಗಳಲ್ಲಿ ಅನೇಕವು ಇಂಥವನಿಗಾಗಿ ಪ್ರಾರ್ಥನೆ ಎಂಬಷ್ಟನ್ನೇ ಹೇಳುತ್ತವೆ. ಕುಲ, ಗಣ, ಗಚ್ಛ, ಗುರುಪರಂಪರೆಗಳನ್ನು ನಮೂದಿಸುವ ನಮ್ಮ ನಿಷಿಧಿಶಾಸನಗಳನ್ನು ಓದಿ ಬಂದವನಿಗೆ ಈ ಸಂಕ್ಷೇಪವು ವಿಸ್ಮಯವನ್ನುಂಟುಮಾಡುತ್ತದೆ.

ನನ್ನನ್ನು ಅಲ್ಲಿಗೆ ಎಳೆದೊಯ್ದುದು ಕಲ್ಲಲ್ಲ, ಒಂದು ಹಸ್ತಪ್ರತಿ. ‘ಕಂದುಹಸುವಿನ ಪುಸ್ತಕ’ವೆಂಬ ಅರ್ಥದ ಹೆಸರುಳ್ಳ ಆ ಐರಿಷ್ ಗ್ರಂಥವು ಈ ಮಠದೊಡನೆ ನಿಕಟ ಸಂಬಂಧವುಳ್ಳದ್ದು, ಸುಮಾರು ಕ್ರಿ.ಶ. 1100ರ ಕಾಲದ್ದು. ಈಗ ಉಳಿದಿರುವುದು 67 ಪತ್ರಗಳು. ಕೀರಾನನ ಹಸುವಿನ ತೊಗಲನ್ನು ಈ ಮಠದಲ್ಲಿ ಪೂಜ್ಯವಸ್ತುವಾಗಿ ಕಾಪಾಡಿದ್ದರೆಂಬ ಐತಿಹ್ಯದೊಡನೆ ಆ ಹೆಸರು ಬೆಸೆದುಕೊಂಡಿದೆ. ಬಸದಿಯ ಹೊಸ್ತಿಲಲ್ಲಿ ಚರ್ಮದ ನಡುಪಟ್ಟಿಯನ್ನೂ ಕಳಚಿಡುವ ಸಂಸ್ಕಾರದವನಾದ ನನಗೆ, ಪಶುಚರ್ಮದ ಮೇಲಿನ ಅಕ್ಷರವನ್ನು ಶ್ರುತವೆಂದು ಭಾವಿಸಲು ಮನಸ್ಸು ಒಡಂಬಡಲಿಲ್ಲವೆಂಬುದನ್ನು ಮುಚ್ಚಿಡಲಾರೆ. ಆ ಹಿಂಜರಿಕೆ ಈಗಲೂ ಪೂರ್ತಿ ಹೋಗಿಲ್ಲ. ಆದರೆ ಲಿಪಿಕಾರನ ಶ್ರಮವು ಓಲೆಯ ಮೇಲಾಗಲಿ ತೊಗಲಿನ ಮೇಲಾಗಲಿ ಒಂದೇ ಬಗೆಯದು.

ಈ ಪುಸ್ತಕವನ್ನು ಬರೆದವರಲ್ಲಿ ಒಬ್ಬನ ಹೆಸರು ಮೇಲ್ ಮುರೆ. ‘ಮೇರಿಯ ಮುಂಡಿತ ಸೇವಕ’ನೆಂದು ಆ ಹೆಸರಿನ ಅರ್ಥ. (ಕೇಶಲೋಚದ ಸಂಪ್ರದಾಯವನ್ನು ಬಲ್ಲವರಿಗೆ ಮುಂಡನದ ಈ ಗೌರವ ಹೊಸದೆನಿಸದು.) ಅವನ ಹೆಸರು ನಮಗೆ ದೊರೆತ ಬಗೆಯೇ ಗಮನಾರ್ಹ. ನಮ್ಮ ಓಲೆಗಳಲ್ಲಿರುವಂತೆ ಕೊನೆಯಲ್ಲೊಂದು ಪ್ರಶಸ್ತಿಯನ್ನು ಅವನು ಬರೆದುದು ಉಳಿದಿಲ್ಲ. ಲೇಖನಿಯ ಮೊನೆಯನ್ನು ಪರೀಕ್ಷಿಸಲು ಪುಟದಂಚಿನಲ್ಲಿ ಎರಡು ಕಡೆ ಗೀಚಿ, ಇದು ಮೇಲ್ ಮುರೆಯ ಲೇಖನಿಪರೀಕ್ಷೆಯೆಂದು ಗುರುತುಮಾಡಿದ್ದಾನೆ. ಇಡೀ ಗ್ರಂಥವು ಅವನೊಬ್ಬನದೇ ಎಂದು ಹಿಂದೆ ತಿಳಿದಿದ್ದರು. ಆ ಗೀಚುಗಳ ಅಕ್ಷರರೂಪವನ್ನೂ ಒಳಗಿನ ಬರಹವನ್ನೂ ಹೋಲಿಸಿ, ಇದರಲ್ಲಿ ಮೂರು ಕೈಗಳಿವೆಯೆಂದು ಆರ್. ಐ. ಬೆಸ್ಟ್ ಅವರು 1912ರಲ್ಲಿ ತೋರಿಸಿದರು. ಮೂರನೆಯ ಕೈಯು ಹಳೆಯ ಪಾಠವನ್ನು ಹೆರೆದು ಅಳಿಸಿ ತನ್ನದನ್ನು ಸೇರಿಸಿದೆ. ಪಾಠಸಂಪಾದನೆಯ ದೃಷ್ಟಿಯಿಂದ ಇದು ಅಲ್ಪವಾದ ಸಂಗತಿಯಲ್ಲ: ಆ ಎರಡು ಗೀಚುಗಳಿಲ್ಲದಿದ್ದರೆ ಯಾವ ಕೈ ಯಾರದೆಂದು ಹೇಳಲು ಆಧಾರವೇ ಇರುತ್ತಿರಲಿಲ್ಲ.

1106ರಲ್ಲಿ ಲೂಟಿಕಾರರು ಮೇಲ್ ಮುರೆಯನ್ನು ಕ್ಲಾನ್‌ಮಕ್‌ನಾಯ್ಸಿನ ಕಲ್ಲುಗುಡಿಯ ನಡುವೆಯೇ ಕೊಂದರೆಂದು ವಾರ್ಷಿಕ ವೃತ್ತಾಂತಗಳು ಹೇಳುತ್ತವೆ. ಆ ದೊಡ್ಡ ಗುಡಿಯ ಗೋಡೆಗಳ ನಡುವೆ ನಾನು ಬಹಳ ಹೊತ್ತು ನಿಂತಿದ್ದೆನು. ಹನಿಮಳೆ ಬೀಳುತ್ತಿತ್ತು.

ಪುಸ್ತಕವು ಬದುಕಿದ್ದು ಊರು ಬಿಟ್ಟುದರಿಂದ. 14ನೆಯ ಶತಮಾನದಲ್ಲಿ ಅದು ಸೆರೆಯಾಳುಗಳ ಬಿಡುಗಡೆಗೆ ಈಡಾಗಿ ಕೈಬದಲಿಸಿತು. 1470ರಲ್ಲಿ ಓ'ಡೊನೆಲ್ ಮನೆತನದವರು ಅದನ್ನು ಮರಳಿ ಪಡೆದರು. 1844ರಲ್ಲಿ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯನ್ನು ಸೇರಿತು. ಮಠವನ್ನಾದರೋ 1552ರಲ್ಲಿ ಆತ್‌ಲೋನಿನ ಇಂಗ್ಲಿಷ್ ದಂಡು ಗಂಟೆ, ಪುಸ್ತಕ, ಕಿಟಕಿಯ ಗಾಜುಗಳನ್ನೂ ಬಿಡದೆ ದೋಚಿತು. ಮೂಡಬಿದಿರೆಯ ಸಿದ್ಧಾಂತಬಸದಿಯಲ್ಲಿ ಧವಲಾದಿ ಗ್ರಂಥಗಳು ಕದಲದೆ ಇದ್ದುದರಿಂದಲೇ ಉಳಿದವು. ಒಂದನ್ನು ನಿಯಮವೆಂದು ಹಿಡಿದು ಇನ್ನೊಂದನ್ನು ಅಪವಾದವೆನ್ನುವ ಧೈರ್ಯ ನನಗಿಲ್ಲ.

ಊರಿಗೆ ಮರಳಿದ ಮೇಲೆ ನಾನೇ ಸಿದ್ಧಪಡಿಸಿದ ಓಲೆಗ್ರಂಥಗಳ ಸೂಚಿಯನ್ನು ತೆರೆದು ನೋಡಿದೆನು. ಕಟ್ಟಿನ ಮೊದಲ ಮತ್ತು ಕೊನೆಯ ಹೊದಿಕೆಯೋಲೆಗಳಲ್ಲಿ ಕಂಟದ ಹರಿತವನ್ನು ನೋಡಲು ಗೀಚಿದ ಅಕ್ಷರಗಳಿದ್ದರೆ, ‘ಬಿಡಿ ಓಲೆ, ಗ್ರಂಥಭಾಗವಲ್ಲ’ ಎಂದಷ್ಟೇ ಬರೆದು ಮುಂದೆ ಸಾಗಿದ್ದೇನೆ. ಪ್ರಶಸ್ತಿಯಿಲ್ಲದ ಪ್ರತಿಗಳಿಗೆ ‘ಲಿಪಿಕಾರ: ಅಜ್ಞಾತ’ ಎಂದಿದ್ದೇನೆ. ಈ ಎರಡು ನಮೂದುಗಳು ಒಂದೇ ಪುಟದಲ್ಲಿ ಒಂದರ ಕೆಳಗೊಂದು ಬಂದ ಸಂದರ್ಭಗಳೂ ಉಂಟು. ಈಗ ಮೊದಲ ಕಟ್ಟಿನಿಂದಲೇ ಅವನ್ನು ಮತ್ತೆ ಬಿಚ್ಚುತ್ತಿದ್ದೇನೆ. ಹನ್ನೊಂದನೆಯ ಕಟ್ಟಿನ ಹೊದಿಕೆಯೋಲೆಯಲ್ಲಿ ಎರಡು ಹೆಸರುಗಳು ಕಂಡಿವೆ. ಎರಡನೆಯದರ ಕೊನೆಯ ಅಕ್ಷರಗಳನ್ನು ಹುಳು ತಿಂದಿದೆ.